ಕೆಳದಂಡೆ

ಜೂನ್ 12, ಗುರುವಾರ

ಅಮ್ಮ ಇವತ್ತೂ ತಲೆಗೆ ಬಟ್ಟೆ ಬಿಗಿದು ಕಟ್ಟಿದಳು. ಕಿವಿಗೆ ಗಾಳಿ ಹೋಗಬಾರದಂತೆ. ಹಂಡೆ ತುಂಬ ಬಿಸಿನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಸಾರು. ಬಾಣಂತಿಗೆ ಏನೇನು ಮಾಡಬೇಕೋ ಅಷ್ಟೂ ನಡೆದಿದೆ. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ತೊಟ್ಟಿಲನ್ನು ಅಟ್ಟಕ್ಕೆ ಹಾಕಿದ್ದರು. ತೊಲೆಗೆ ಬಿಗಿದ ಕೊಂಡಿ ಬಿಚ್ಚುವುದನ್ನು ಮರೆತಿದ್ದಾರೆ. ಮಲಗಿದರೆ ನೇರ ಕಣ್ಣಿಗೆ ಬೀಳುವುದು ಅದೇ.

ಎಂಟು ತಿಂಗಳು ತುಂಬಿತ್ತು. ಒಳಗೇ ಉಸಿರು ನಿಂತುಹೋಗಿತ್ತು. ಯಾರದ್ದೂ ತಪ್ಪಿಲ್ಲ ಅಂತ ಹಾಸನದ ಡಾಕ್ಟರಮ್ಮ ಎರಡೆರಡು ಸಲ ಹೇಳಿದರು. ನರ್ಸು ಒಂದು ಗಳಿಗೆ ತೋರಿಸಿದಳು. ಆಮೇಲೆ ಮೋಹನ ತನ್ನ ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಹೋದ.

ಎದೆಯಲ್ಲಿ ಹಾಲು ನಿಲ್ಲುತ್ತಿಲ್ಲ. ಮಾತ್ರೆ ಕೊಟ್ಟಿದ್ದಾರೆ. ಅಮ್ಮನಿಗೆ ಮಾತ್ರೆಯ ಮೇಲೆ ನಂಬಿಕೆಯಿಲ್ಲ. ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿಟ್ಟು ಎದೆಗೆ ಕಟ್ಟುತ್ತಾಳೆ, ಹಾಗೆ ಮಾಡಿದರೆ ಹಾಲು ಬತ್ತುತ್ತದಂತೆ. ಕೋಣೆಯೆಲ್ಲ ಮದುವೆ ಮನೆಯ ವಾಸನೆ.

ಬರೆದರೆ ಹಗುರಾಗುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದಕ್ಕೆ ಕೂತಿದ್ದೇನೆ. ನಾನು ಫೀಲ್ಡ್ ಡೈರಿ ಬಿಟ್ಟರೆ ಬೇರೆ ಬರೆದವಳಲ್ಲ. ಕಾವೇರಿ ಸಮುದ್ರ ಸೇರುವಲ್ಲಿ ನದಿ ಎಷ್ಟು ಮರಳು ತಂದಿತು, ಅಲೆ ಎಷ್ಟು ದಂಡೆ ತಿಂದಿತು ಎಂದು ಅಳೆದು ಬರೆಯುವುದು ನನ್ನ ಕೆಲಸ. ಐದನೇ ತಿಂಗಳವರೆಗೂ ಆ ಬಿಸಿಲಲ್ಲೇ ಇದ್ದೆ. ಅದಕ್ಕೇ ಹೀಗಾಯಿತೇ ಅಂದಿದ್ದಕ್ಕೂ ಡಾಕ್ಟರಮ್ಮ ಅಲ್ಲ ಅಂದರು.

ಅಪ್ಪ ಇನ್ನೂ ಕೋಣೆಯೊಳಗೆ ಬಂದಿಲ್ಲ. ಹೊಸ್ತಿಲ ಹತ್ತಿರ ನಿಂತು "ಉಂಡ್ಲಾ?" ಅಂತ ಅಮ್ಮನನ್ನು ಕೇಳಿ ಹೋಗುತ್ತಾರೆ.

ಜೂನ್ 15, ಭಾನುವಾರ

ಮೋಹನ ಬಂದಿದ್ದ. ಜಗಲಿಯ ಮೇಲೆ ಕೂತ. ಅವನು ಯಾವಾಗಲೂ ಅಲ್ಲಿಯವರೆಗೇ ಬರುವುದು. ಅಮ್ಮ ಕಾಫಿಯನ್ನು ಅಲ್ಲಿಗೇ ತಂದುಕೊಟ್ಟಳು. ನಾನೂ ತಲೆಬಟ್ಟೆ ಕಟ್ಟಿಕೊಂಡೇ ಹೋಗಿ ಪಕ್ಕದಲ್ಲಿ ಕೂತೆ.

ಅವನು ಇದೇ ಊರಿನವನು. ಕೆಳಗಿನ ಕೇರಿಯ ದೇವಯ್ಯನ ಮಗ. ನಾನು ಮೇಲಿನ ಬೀದಿಯ ಚನ್ನಪ್ಪನ ಮಗಳು. ಹಾಸನದ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬಂದ ದಿನದಿಂದ ಮೂರು ವರ್ಷ ಅಪ್ಪ ನನ್ನ ಫೋನ್ ಎತ್ತಲಿಲ್ಲ. ಬಸುರಿ ಅಂತ ಗೊತ್ತಾದ ಮೇಲೆ ಅಮ್ಮ ಊಟ ಬಿಟ್ಟು ಹಟ ಹಿಡಿದು ನನ್ನನ್ನು ಕರೆಸಿಕೊಂಡಳು. ನನ್ನನ್ನು ಮಾತ್ರ. ಮೋಹನ ಹಾಸನದ ಬಾಡಿಗೆ ಮನೆಯಲ್ಲೇ ಇದ್ದು ಕಾಲೇಜಿಗೆ ಪಾಠ ಮಾಡಲು ಹೋಗುತ್ತಿದ್ದಾನೆ.

"ಎಲ್ಲಿ ಮಾಡಿದ್ರಿ?" ಅಂತ ಕೇಳಿದೆ. ಮಣ್ಣು ಅನ್ನುವ ಪದ ಬಾಯಿಗೆ ಬರಲಿಲ್ಲ. ದಿನಾ ಬಳಸುವ ಪದ.

"ಹೊಳೆ ದಡದಲ್ಲಿ. ನಮ್ಮೋರ ಜಾಗದಲ್ಲಿ. ಅಪ್ಪನೇ ಗುಂಡಿ ತೆಗೆದ."

"ನಮ್ಮ ತೋಟದಲ್ಲಿ ಜಾಗ ಇತ್ತಲ್ಲ?"

ನಮ್ಮ ತೋಟದ ಮೂಲೆಯಲ್ಲಿ ತಾತ ಇದ್ದಾರೆ, ಅಜ್ಜಿ ಇದ್ದಾಳೆ. ನಾನು ಚಿಕ್ಕವಳಿದ್ದಾಗ ಮೂರು ತಿಂಗಳಿಗೇ ಹೋದ ತಮ್ಮನೂ ಅಲ್ಲಿದ್ದಾನೆ. ಅಮಾವಾಸ್ಯೆಗೆ ಅಮ್ಮ ದೀಪ ಇಡುತ್ತಾಳೆ. ಮಗುವನ್ನೂ ಅವರ ಪಕ್ಕ ಮಲಗಿಸಿರುತ್ತಾರೆ ಅಂತಲೇ ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಮೋಹನ ಬೀದಿಯ ಕಡೆ ನೋಡುತ್ತಾ, "ಕಾಫಿ ಆರ್ತಿದೆ," ಅಂದ. ಅವನ ಲೋಟ ಆಗಲೇ ಖಾಲಿಯಾಗಿತ್ತು.

ಜೂನ್ 22, ಭಾನುವಾರ

ಅಮ್ಮ ಹೊಳೆನರಸೀಪುರಕ್ಕೆ ಹೋದ ಹೊತ್ತು ನೋಡಿಕೊಂಡು ಹೊಳೆ ದಡಕ್ಕೆ ಹೊರಟೆ. ಕೇರಿಯ ತಿರುವಿನಲ್ಲಿ ಮೋಹನನ ಅಮ್ಮ ಮಲ್ಲಿಗಮ್ಮ ಎದುರಾದರು. ಅವರು ತಲೆಯ ಮೇಲಿದ್ದ ಸೌದೆ ಇಳಿಸಿ, "ಬಾ" ಅಂದರು. ದಾರಿಯುದ್ದಕ್ಕೂ ನನ್ನ ಮೊಣಕೈ ಹಿಡಿದೇ ಇದ್ದರು.

"ಇಲ್ಲೇ ಕಣವ್ವ. ನಾಯಿ ಗೀಯಿ ಬಂದಾವು ಅಂತ ಮುಳ್ಳು ಮುಚ್ಚವ್ನೆ ನಿಮ್ಮ ಮಾವ."

ಸಣ್ಣ ದಿಬ್ಬ. ಮೇಲೆ ಐದಾರು ಹೊಳೆಗಲ್ಲು, ಜಾಲಿಮುಳ್ಳು. ಸುತ್ತಲೂ ಹಳೆಯವು, ಎಷ್ಟೋ ತಗ್ಗಾಗಿ ಹುಲ್ಲು ಬೆಳೆದವು. ನಾನು ಕೂತೆ. ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಕಣ್ಣು ತಾನಾಗಿಯೇ ದಂಡೆಯ ಕಡೆ ಹೋಯಿತು.

ಹೇಮಾವತಿ ಅಲ್ಲಿ ತಿರುಗುತ್ತಾಳೆ, ಈ ಜಾಗ ತಿರುವಿನ ಹೊರಮೈಯಲ್ಲಿದೆ. ಮೇಲೆ ಎರಡು ಆಳು ಮರಳುಮಣ್ಣು, ಕೆಳಗೆ ಬೂದು ಜೇಡಿ. ಹೋದ ವರ್ಷದ ನೀರು ಬುಡವನ್ನು ಒಳಕ್ಕೆ ಕೊರೆದಿದೆ. ದಂಡೆಯ ಅಂಚಿನ ಗಿಡಗಳ ಬೇರು ಗಾಳಿಯಲ್ಲಿ ನೇತಾಡುತ್ತಿದ್ದವು. ಗೊರೂರಿನ ಅಣೆಕಟ್ಟೆ ಹೊಳೆಯ ಹೂಳನ್ನೆಲ್ಲ ಹಿಂದೆಯೇ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಬಿಡುವ ನೀರು ಹೊರೆಯಿಲ್ಲದ ತಿಳಿನೀರು. ಅದಕ್ಕೆ ಹಸಿದ ನೀರು ಎಂದು ನಾವು ಕರೆಯುವುದು. ಹೊರೆ ತುಂಬಿಸಿಕೊಳ್ಳುವವರೆಗೆ ಸಿಕ್ಕ ದಂಡೆಯನ್ನು ತಿನ್ನುತ್ತದೆ. ಆಚೆ ದಡದಲ್ಲಿ ಮರಳು ಬಗೆದು ಗುಂಡಿ ಮಾಡಿರುವುದರಿಂದ ಸುಳಿ ಇತ್ತ ಕಡೆಗೇ ತಳ್ಳುತ್ತದೆ.

ಈ ಮಳೆಗಾಲ ಇದು ಉಳಿಯುವುದಿಲ್ಲ. ಅಲ್ಲಿ ಕೂತಷ್ಟು ಹೊತ್ತಿನಲ್ಲೇ ಗೊತ್ತಾಗಿಹೋಯಿತು.

ಮಲ್ಲಿಗಮ್ಮ ನನ್ನ ಮುಖ ನೋಡುತ್ತಿದ್ದರು. "ಯಾಕವ್ವ, ಅಂಗೆ ನೋಡ್ತೀಯ ಹೊಳೆಯ?"

"ಏನಿಲ್ಲ" ಅಂದೆ.

ಜೂನ್ 27, ಶುಕ್ರವಾರ

ಸೌಜನ್ಯ ಫೋನ್ ಮಾಡಿದ್ದಳು. ನನ್ನ ಜೊತೆ ಕೆಲಸ ಮಾಡುವವಳು, ಈಗ ಕಾವೇರಿ ಮುಖದ ಹತ್ತಿರ ಒಬ್ಬಳೇ ಇದ್ದಾಳೆ. ದಂಡೆ ಅಳೆಯಲು ಏಪ್ರಿಲಿನಲ್ಲಿ ನೆಟ್ಟ ಗೂಟಗಳಲ್ಲಿ ಮೂರು ಸಮುದ್ರದ ಪಾಲಾಗಿವೆಯಂತೆ. ಬೆಸ್ತರ ಕೊನೆಯ ಸಾಲಿನ ಮನೆಗಳ ಮುಂದಿನ ರಸ್ತೆ ಅರ್ಧ ಕುಸಿದಿದೆಯಂತೆ. ಅಲೆ ಯಾವ ಕಡೆಯಿಂದ, ಮರಳು ಬಡಗಣಕ್ಕೇ ಸರಿಯುತ್ತಿದೆಯೇ, ಅಳಿವೆಯ ದಿಬ್ಬ ಎಷ್ಟು ಸಣ್ಣದಾಗಿದೆ ಎಂದು ಕೇಳಿದೆ. ಸಮುದ್ರ ಮರಳನ್ನು ಮುಂಗಾರಿನಲ್ಲಿ ಒಂದು ಕಡೆ, ಹಿಂಗಾರಿನಲ್ಲಿ ಇನ್ನೊಂದು ಕಡೆ ಎಳೆದಾಡುತ್ತದೆ. ನದಿ ಹೊಸದು ಕೊಡುತ್ತಿದ್ದರೆ ಲೆಕ್ಕ ಸರಿಹೋಗುತ್ತದೆ. ಕೊಡದಿದ್ದರೆ ಊರನ್ನು ತಿನ್ನುತ್ತದೆ. ಬಹಳ ದಿನದ ಮೇಲೆ ನನ್ನ ಸ್ವರ ನನಗೇ ಗಟ್ಟಿಯಾಗಿ ಕೇಳಿಸಿತು.

ಕೊನೆಯಲ್ಲಿ ಅವಳು, "ನಿನ್ನ ಡೇಟ್ ಯಾವಾಗ್ಲೇ? ನಾನು ಬರಲೇಬೇಕು," ಅಂದಳು.

ಅವಳಿಗೆ ಯಾರೂ ಹೇಳಿಲ್ಲ.

"ಜುಲೈ ಮಧ್ಯ" ಅಂದುಬಿಟ್ಟೆ.

ಜುಲೈ 3, ಗುರುವಾರ

ಕಟ್ಟೆಗೆ ಒಳಹರಿವು ಜಾಸ್ತಿಯಾಗಿದೆ ಅಂತ ಪೇಪರಿನಲ್ಲಿ ಬಂದಿದೆ. ಊರಿನವರಿಗೆಲ್ಲ ಖುಷಿ. ನಾಲೆಗೆ ನೀರು ಬರುತ್ತದೆ.

ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ಎದುರಿಗೆ ಹೋಗಿ ಕೂತೆ.

"ಅಪ್ಪ, ತೋಟದ ಮೂಲೇಲಿ ನನಗೆ ಒಂದಿಷ್ಟು ಜಾಗ ಬೇಕು."

ಅವರು ಇನ್ನೊಂದು ಕಾಯಿ ತೆಗೆದುಕೊಂಡರು.

"ನೀರು ಬಿಟ್ರೆ ಆ ದಡ ನಿಲ್ಲಲ್ಲ ಅಪ್ಪ. ನಾನು ಓದಿರೋದೇ ಅದು."

"ನೀನು ಓದಿರಾದು ಸಮುದ್ರುದ್ದು."

"ಸಮುದ್ರದ ದಂಡೆಗೂ ಇಲ್ಲಿಂದಾನೇ ಮಣ್ಣು ಹೋಗಬೇಕು."

"ಊರು ಅನ್ನಾದು ಒಂದೈತೆ ಕಣವ್ವ. ಆ ಮೂಲೇಲಿ ನಮ್ಮಪ್ಪ ಅವ್ನೆ, ನಮ್ಮವ್ವ ಅವ್ಳೆ. ನಾಳೀಕೆ ಅಣ್ತಮ್ಮಂದ್ರು ಬಂದು ಇದ್ಯಾರ್ದು ಅಂದ್ರೆ ನಾನೇನ್ ಯೋಳ್ಲಿ?"

"ನಿಮ್ಮ ಮಗಳ ಮಗಳು ಅಂತ ಹೇಳಿ."

ಕಾಯಿಯನ್ನು ಕಬ್ಬಿಣದ ಮೊನೆಗೆ ಕುಟ್ಟಿದರು. ಜಾರಿತು. ಮತ್ತೆ ಕುಟ್ಟಿದರು. ಮತ್ತೆ ಜಾರಿತು. ನಾನು ಎದ್ದು ಒಳಗೆ ಬಂದೆ.

ಜುಲೈ 6, ಭಾನುವಾರ

ಅಮ್ಮ ನನ್ನ ತಲೆ ಒರೆಸುತ್ತಾ ಇದ್ದಕ್ಕಿದ್ದಂತೆ ಹೇಳಿದಳು. ಹಿಂದೆ ನಿಂತಿದ್ದಳು, ಮುಖ ಕಾಣಿಸುತ್ತಿರಲಿಲ್ಲ.

"ಅವತ್ತು ಬಂದಿದ್ದ ಕಣೆ."

"ಯಾರು?"

"ಮೋಹನ. ಆಸ್ಪತ್ರೆಯಿಂದ ಸೀದಾ ತ್ವಾಟದ ಗೇಟಿಗೇ ಬಂದ. ಎದೆಗವುಚ್ಕಂಡಿದ್ದ. ಅವ್ನ ಹಿಂದೆ ದೇವಯ್ಯ, ಸನಿಕೆ ಹಿಡ್ಕಂಡು. ನಿಮ್ಮಪ್ಪ ಗೇಟು ಹಿಡ್ಕಂಡು ನಿಂತ್ಕಂಬುಟ್ರು. 'ಇಲ್ಲಿ ಬ್ಯಾಡ, ಕೆಳಕ್ಕೆ ತಗಂಡೋಗ್ರಪ್ಪ' ಅಂದ್ರು."

"ಮೋಹನ ಏನಂದ?"

"'ಒಂದ್ಸಲ ಮುಖ ನೋಡ್ತೀರಾ' ಅಂದ. ನಿಮ್ಮಪ್ಪ ಆ ಕಡೀಕೆ ತಿರುಕ್ಕಂಡ್ರು."

ಅಮ್ಮನ ಕೈ ನನ್ನ ತಲೆಯ ಮೇಲೆ ಹಾಗೇ ನಿಂತಿತ್ತು.

"ನಾನು ನೋಡ್ದೆ ಕಣೆ. ನಿಂದೇ ಮೂಗು."

ಬ್ಯಾಗಿಗೆ ನಾಲ್ಕು ಬಟ್ಟೆ, ಲ್ಯಾಪ್‌ಟಾಪ್ ತುಂಬಿಕೊಂಡು ಹೊರಟೆ. ಅಮ್ಮ ತಡೆಯಲಿಲ್ಲ. ಅಪ್ಪ ಜಗಲಿಯಲ್ಲಿದ್ದರು. ಒದ್ದೆ ಕೂದಲಲ್ಲೇ ಅವರ ಮುಂದೆ ನಡೆದು ಬಂದೆ. ಕೆಳಗಿನ ಕೇರಿಗೆ ಇಳಿಯುವ ದಾರಿ ಇಷ್ಟು ಹತ್ತಿರ ಅಂತ ಮೂವತ್ತಮೂರು ವರ್ಷ ನನಗೆ ಗೊತ್ತಿರಲಿಲ್ಲ.

ಜುಲೈ 8, ಮಂಗಳವಾರ

ಅತ್ತೆ ತಲೆಗೆ ಬಟ್ಟೆ ಕಟ್ಟುವುದಿಲ್ಲ. ರಾಗಿ ಗಂಜಿ ಕೊಟ್ಟು ಪಕ್ಕದಲ್ಲಿ ಕೂರುತ್ತಾರೆ, ಕುಡಿದು ಮುಗಿಸುವವರೆಗೂ ಏಳುವುದಿಲ್ಲ. ಇವತ್ತು ಮಧ್ಯಾಹ್ನ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಎಷ್ಟು ಹೊತ್ತೋ. ಅವರು ಸುಮ್ಮನಿರು ಅನ್ನಲಿಲ್ಲ. ಹಾಲು ನಿಂತಿದೆ. ನಿಂತಿದ್ದಕ್ಕೂ ಅಳು ಬಂತು.

ಜುಲೈ 13, ಭಾನುವಾರ

ಮೋಹನ ರಜೆ ಹಾಕಿ ಬಂದಿದ್ದಾನೆ. ನಾಲ್ಕೂ ಜನ ಅಡುಗೆಮನೆಯಲ್ಲಿ ಕೂತು ಮಾತಾಡಿದೆವು. ದಂಡೆ ಯಾಕೆ ನಿಲ್ಲುವುದಿಲ್ಲ ಅಂತ ಬೂದಿಯ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಮಾವ ಪೂರ್ತಿ ಕೇಳಿಸಿಕೊಂಡರು.

"ನಂಗೂ ಗೊತ್ತವ್ವ. ನಮ್ಮಪ್ಪನ್ನ ಇಕ್ಕಿದ ಜಾಗ ಈಗ ಹೊಳೆ ನಡುಮಧ್ಯ ಐತೆ. ಮೇಲುಗಡೆ ಜಾಗ ಕೊಡಿ ಅಂತ ಕೇಳಿ ಕೇಳಿ ನಮ್ಮ ಕೇರಿಯೋರ್ಗೆ ಸಾಕಾಗೋಯ್ತು. ಮೇಲೆ ಎಲ್ಲಾ ಯಾರ್ದಾದ್ರೂ ಜಮೀನೇ."

"ಹಾಸನಕ್ಕೆ ತಗೊಂಡು ಹೋಗೋಣ," ಅಂದ ಮೋಹನ. "ಅಲ್ಲಿನ ಸ್ಮಶಾನದಲ್ಲಿ ಯಾರೂ ಬೇಡ ಅನ್ನಲ್ಲ."

"ನಮ್ಮೋರು ಅನ್ನೋರು ಒಬ್ರೂ ಇಲ್ದಿರೋ ಕಡೆ ಕೂಸೊಂದನ್ನೇ ಬುಟ್ಟು ಬರಾದಾ?" ಅಂದರು ಅತ್ತೆ. "ಮಲಗಿರಾದ ಎಬ್ಬಿಸ್ಬ್ಯಾಡಿ ಕಣ್ರಪ್ಪ. ನನ್ನ ಕೈಲಿ ಅದ ನೋಡಕ್ಕಾಗಕಿಲ್ಲ."

ನನ್ನ ಕೈಲಿ ಆಗುತ್ತದೆಯೇ? ಗುಂಡಿ ತೆರೆಯುವುದನ್ನು ನೆನೆದೆ. ಬೇಡ ಅನಿಸಿತು. ದಂಡೆಯನ್ನೇ ಹಿಡಿದು ನಿಲ್ಲಿಸಲು ನೋಡೋಣ ಅಂದೆ. ಬುಡಕ್ಕೆ ದಪ್ಪ ಕಲ್ಲು, ಅದರ ಮೇಲೆ ಮರಳಿನ ಚೀಲ, ಬಿದಿರಿನ ಗೂಟ. ಅಷ್ಟೂ ಮಾಡಿದರೆ ಒಂದು ವರ್ಷ ದೂಡಬಹುದು.

ಮೋಹನ ನನ್ನನ್ನೇ ನೋಡುತ್ತಿದ್ದ. "ನಿಲ್ಲುತ್ತಾ?"

"ನಿಲ್ಲಿಸೋಣ."

ಜುಲೈ 20, ಭಾನುವಾರ

ಮೈಯೆಲ್ಲ ನೋವು. ಪೆನ್ನು ಹಿಡಿಯಲಾಗುತ್ತಿಲ್ಲ. ಆದರೆ ಇವತ್ತಿನದು ಬರೆಯಬೇಕು.

ನಾವು ನಾಲ್ಕು ಜನ ಶುರು ಮಾಡಿದ್ದು. ಮಧ್ಯಾಹ್ನದೊಳಗೆ ಇಡೀ ಕೇರಿ ಇತ್ತು. ಯಾರನ್ನೂ ಕರೆದಿರಲಿಲ್ಲ. ಗೊಬ್ಬರದ ಖಾಲಿ ಚೀಲ ತಂದರು, ಅಕ್ಕಿ ಚೀಲ ತಂದರು. ಸಿದ್ದೇಶ ಅನ್ನುವವನು ಟ್ರಾಕ್ಟರಿನಲ್ಲಿ ಎರಡು ಲೋಡು ಕಾಡುಗಲ್ಲು ತಂದು ಸುರಿದು, ಡೀಸೆಲ್ ಕಾಸು ಕೊಡಲು ಹೋದ ಮೋಹನನಿಗೆ ಬೈದ. ಎದ್ದು ನಡೆಯಲು ಕಷ್ಟಪಡುವ ಅಜ್ಜಿಯೊಬ್ಬಳು ಕೂತಲ್ಲೇ ಚೀಲದ ಬಾಯಿ ಹೊಲಿದುಕೊಟ್ಟಳು.

"ನಿಮ್ಮ ಕೂಸು ಒಂದೇ ಅಂತ ತಿಳ್ಕಬ್ಯಾಡ ಕಣವ್ವ. ನಮ್ಮ ಯಜಮಾನ ಅಗೋ, ಅಲ್ಲವ್ನೆ. ನನ್ನ ಮಗಳು ಅವ್ನ ಪಕ್ಕ," ಅಂದಳು.

ಎಲ್ಲಿ ಕಲ್ಲು, ಎಲ್ಲಿ ಚೀಲ, ಎಷ್ಟು ಓರೆ ಎಂದು ನಾನು ಹೇಳುತ್ತಾ ಹೋದೆ. ನನಗೆ ತಿಳಿದಿದ್ದಷ್ಟನ್ನೂ ಆ ದಡಕ್ಕೆ ಸುರಿದೆ. ಸಾಯಂಕಾಲ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಮಾವ ಚೀಲಗಳನ್ನು ಕಾಲಿನಿಂದ ತುಳಿದು ನೋಡಿ, "ಗಟ್ಟಿ ಐತೆ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ಗಟ್ಟಿ ಇದೆ ಅಂದೆ.

ಮೇಲಿನ ಬೀದಿಯಿಂದ ಒಬ್ಬರೂ ಬಂದಿರಲಿಲ್ಲ. ಅಪ್ಪ ಬಾಗೂರಿಗೆ, ತಮ್ಮ ಅಕ್ಕನ ಮನೆಗೆ ಹೋಗಿದ್ದಾರಂತೆ. ನಾನು ಹೊರಟ ಮಾರನೇ ದಿನವೇ ಹೋದವರು ಇನ್ನೂ ಬಂದಿಲ್ಲವಂತೆ.

ಜುಲೈ 26, ಶನಿವಾರ

ಬೆಳಿಗ್ಗೆಯಿಂದ ಆಟೋದಲ್ಲಿ ಮೈಕು ಕಟ್ಟಿಕೊಂಡು ಹೇಳುತ್ತಿದ್ದಾರೆ. ಕಟ್ಟೆ ತುಂಬಿದೆ. ಹೊಳೆಗೆ ನೀರು ಬಿಡುತ್ತಾರೆ. ದನಕರು ಇಳಿಸಬೇಡಿ, ಬಟ್ಟೆ ಒಗೆಯಲು ಹೋಗಬೇಡಿ. ಮಗುವಿನ ವಿಷಯ ಯಾರಿಗೆ ಹೇಳಲಿ?

ಜುಲೈ 27, ಭಾನುವಾರ

ನೀರು ಹಸಿರಾಗಿತ್ತು. ಬೆಳಿಗ್ಗೆ ಚೀಲದ ಬುಡ ಮುಟ್ಟಿತು. ಹತ್ತು ಗಂಟೆಗೆ ಅರ್ಧ. ನಿಂತಿದೆ, ನಿಂತಿದೆ ಅಂತ ಮೋಹನ ಹೇಳುತ್ತಲೇ ಇದ್ದ.

ಚೀಲಗಳು ಜಾರಲಿಲ್ಲ. ಅವುಗಳ ಹಿಂದಿನ ನೆಲವೇ ಹೋಯಿತು. ಒಂದು ಉದ್ದನೆಯ ಬಿರುಕು ಕಾಣಿಸಿತು, ಹುಲ್ಲಿನ ಮೇಲೆ ದಾರ ಎಳೆದ ಹಾಗೆ. ಮಾವ ನನ್ನನ್ನು ಹಿಂದಕ್ಕೆ ಎಳೆದುಕೊಂಡರು. ಸದ್ದು ದೊಡ್ಡದಾಗಿ ಬರಲಿಲ್ಲ. ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿದಷ್ಟೇ.

ಮುಳ್ಳು ಸ್ವಲ್ಪ ದೂರ ತೇಲಿತು.

ಅಜ್ಜಿಯ ಯಜಮಾನನ ಜಾಗವೂ ಹೋಯಿತು, ಮಗಳದ್ದೂ.

ಬರೆಯಲಾರೆ.

ಆಗಸ್ಟ್ 2, ಶನಿವಾರ

ಸೌಜನ್ಯ ಫೋನ್ ಮಾಡಿ, "ಕಂಗ್ರಾಟ್ಸ್ ಹೇಳೋಕೂ ಬಿಡಲ್ವಲ್ಲೇ, ಯಾವ ಮಗು?" ಅಂದಳು.

ಹೇಳಿದೆ. ಮಗುವಿನದೂ ದಂಡೆಯದೂ. ಅವಳು ಅತ್ತಳು. ನಾನು ಅಳಲಿಲ್ಲ. ಅವಳನ್ನೇ ಸಮಾಧಾನ ಮಾಡಿದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ. ಅಲ್ಲಿ ರಸ್ತೆ ಕುಸಿದ ಕೊನೆಯ ಸಾಲಿನ ಮನೆಗಳಲ್ಲಿ ಯಾರು ಯಾರು ಇದ್ದಾರೆ, ಹೆಸರೇನು ಅಂತ. ಅವಳಿಗೆ ಗೊತ್ತಿರಲಿಲ್ಲ. ನಾನೂ ಮೂರು ವರ್ಷ ಆ ಮನೆಗಳ ಮುಂದೆಯೇ ಗೂಟ ನೆಟ್ಟಿದ್ದೇನೆ. ಹೋಗಿ ಕೇಳಿಕೊಂಡು ಬಾ ಅಂದೆ. ಅವರ ಸತ್ತವರನ್ನು ಎಲ್ಲಿ ಇಡುತ್ತಾರೆ ಅಂತಲೂ ಕೇಳು ಅಂದೆ.

"ಇರು, ಬರ್ಕೊಳ್ತೀನಿ," ಅಂದಳು.

ಆಗಸ್ಟ್ 10, ಭಾನುವಾರ

ಅಪ್ಪ ಬಂದಿದ್ದರು.

ಬೆಳಿಗ್ಗೆ ಅತ್ತೆ ಬಾಗಿಲು ಗುಡಿಸುತ್ತಿದ್ದವರು ಪೊರಕೆ ಹಿಡಿದೇ ನಿಂತುಬಿಟ್ಟರು. ನಾನು ಹೊರಗೆ ಬಂದು ನೋಡಿದರೆ ಅಪ್ಪ. ಪಂಚೆಯ ಅಂಚಿಗೆಲ್ಲ ಕೆಂಪು ಮಣ್ಣು. ಕೈ ಬೊಬ್ಬೆ ಎದ್ದಿತ್ತು. ಈ ಕೇರಿಗೆ ಅವರು ಜನ್ಮದಲ್ಲಿ ಇಳಿದವರಲ್ಲ. ಎದುರು ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು.

ಅವರು ನನ್ನ ಜೊತೆ ಮಾತಾಡಲಿಲ್ಲ. ಮಾವನ ಕಡೆ ನೋಡಿ, "ದೇವಯ್ಯ, ತ್ವಾಟದಲ್ಲಿ ಜಾಗ ಮಾಡಿವ್ನಿ. ನಾನೇ ಅಗೆದೆ. ತಗಂಡ್ ಬನ್ನಿ," ಅಂದರು.

ಅತ್ತೆ ಪೊರಕೆ ಕೆಳಗಿಟ್ಟರು. ಅಪ್ಪನೇ ಮುಂದುವರಿಸಿದರು.

"ಬಾಗೂರಲ್ಲಿ ನಮ್ಮಕ್ಕ ನಂಗೆ ಉಣ್ಣಕ್ಕಿಕ್ಲಿಲ್ಲ. ಕೂಸಿಗೆ ಮೂರಡಿ ನೆಲ ಕೊಡದೋನಿಗೆ ನಾನ್ಯಾಕೆ ಇಕ್ಲಿ ಅಂದ್ಲು. ಇಷ್ಟು ದಿನ ಅವ್ಳ ಸೊಸೆ ಇಕ್ಕಿದ್ದ ಉಂಡ್ಕಂಡು ಅಲ್ಲೇ ಬಿದ್ದಿದ್ದೆ. ನಿನ್ನೆ ಬಂದೆ." ಪಂಚೆಗೆ ಕೈ ಒರೆಸುತ್ತಾ, "ಅಣ್ತಮ್ಮಂದ್ರು ಏನಾರ ಅನ್ಕಳ್ಲಿ," ಅಂದರು.

ಅಮ್ಮ ಅವರಿಗೆ ಹೇಳಿರಲಿಲ್ಲ. ಹೇಗೆ ಹೇಳಿಯಾಳು? ಮಾವ ನನ್ನ ಕಡೆ ನೋಡಿದರು. ಮೋಹನ ಗೋಡೆಗೆ ಒರಗಿ ಕೂತ.

"ಅಪ್ಪ, ಇಲ್ಲ," ಅಂದೆ. "ಹೋದ ತಿಂಗಳು ನೀರು ಬಿಟ್ಟಾಗ ದಡ ಹೋಯ್ತು. ಮಗೂನೂ ಹೋಯ್ತು."

ಅವರು ಅರ್ಥವಾಗದವರ ಹಾಗೆ ನಿಂತೇ ಇದ್ದರು. ಆಮೇಲೆ ಕೇರಿಯ ಬೀದಿಯಲ್ಲೇ, ನೆಲದ ಮೇಲೆ ಕೂತರು. ಮಾವ ಹೋಗಿ ಕೈ ಹಿಡಿದು ಎಬ್ಬಿಸಿ ಒಳಗೆ ಕರೆತಂದರು. ಅಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದರು. ಚಾಪೆಯ ಮೇಲೆ ಕೂತರು. ಅತ್ತೆ ನೀರು ತಂದಿಟ್ಟರು. ಅದನ್ನು ನೋಡುತ್ತಾ ಕೂತು, ಎತ್ತಿ ಪೂರ್ತಿ ಕುಡಿದರು.

"ಎಲ್ಲಿಗೆ ಓಗಿರ್ತದವ್ವ?" ಅಂದರು. "ನೀನು ಓದಿರಾದು ಅದೇ ಅಲ್ವಾ?"

ಸಣ್ಣ ಮಕ್ಕಳು ಮೇಷ್ಟ್ರನ್ನು ಕೇಳುವ ಹಾಗೆ ಕೇಳಿದರು. ನಾನು ಹೇಳಿದೆ. ನೀರಿನ ಓಟ ಇರುವವರೆಗೂ ಹೊತ್ತುಕೊಂಡು ಹೋಗುತ್ತದೆ. ಕನ್ನಂಬಾಡಿ ಕಟ್ಟೆಯ ಹಿನ್ನೀರು ಶುರುವಾಗುವಲ್ಲಿ ಓಟ ನಿಲ್ಲುತ್ತದೆ. ಅಲ್ಲಿ ಹೊತ್ತಿದ್ದನ್ನೆಲ್ಲ ಇಳಿಸುತ್ತದೆ. ಮೊದಲು ಮರಳು, ಆಮೇಲೆ ಹೂಳು.

"ಸಮುದ್ರುಕ್ಕೆ ಓಗಕಿಲ್ವಾ?"

"ಇಲ್ಲ ಅಪ್ಪ. ಇಲ್ಲಿಂದ ಹೆಚ್ಚುಕಮ್ಮಿ ಏನೂ ಸಮುದ್ರಕ್ಕೆ ಹೋಗಲ್ಲ."

ಎಷ್ಟು ವರದಿಗಳಲ್ಲಿ ಈ ಮಾತು ಬರೆದಿದ್ದೇನೆ. ಪ್ರತಿ ಸಲವೂ ಕೆಟ್ಟ ಸುದ್ದಿಯಾಗಿಯೇ ಬರೆದಿದ್ದೆ.

ಅಪ್ಪ ಮುಖ ಎತ್ತಿದರು. "ಅಂಗಾರೆ ಹತ್ರದಲ್ಲೇ ಅವ್ಳೆ."

ಅತ್ತೆ ಅಷ್ಟು ಹೊತ್ತು ಒಲೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು. ತಿರುಗದೇ ಹೇಳಿದರು. ದನಿ ಏರಿಸಲಿಲ್ಲ.

"ಅವತ್ತು ಇನ್ನೂ ಹತ್ರ ಇದ್ಲು ಯಜಮಾನ್ರೆ. ನಿಮ್ಮ ಗೇಟ್ನಲ್ಲೇ ಇದ್ಲು."

ಅಪ್ಪ 'ಊಂ' ಅನ್ನುವ ಹಾಗೆ ತಲೆಯಾಡಿಸಿದರು. ಹಾಗೆ ಆಡಿಸುತ್ತಲೇ ಇದ್ದರು. ಕಾಫಿ ಬಂದಾಗ ಅತ್ತೆ ಲೋಟವನ್ನು ಅವರ ಕೈಗೇ ಕೊಟ್ಟರು.

ಆಗಸ್ಟ್ 24, ಭಾನುವಾರ

ಅಮ್ಮನ ಫೋನ್ ಬಂತು. ಅಪ್ಪ ಆ ಗುಂಡಿ ಮುಚ್ಚಿಲ್ಲ, ಮುಚ್ಚಲು ಆಳುಗಳನ್ನೂ ಬಿಡುತ್ತಿಲ್ಲ, ಮಳೆನೀರು ತುಂಬಿದೆ, ದಿನಾ ಹೋಗಿ ಅದರ ಹತ್ತಿರ ಕೂರುತ್ತಾರೆ ಅಂದಳು. "ನೀನಾರ ಬಂದು ಯೋಳೆ."

ಮೋಹನ ಸನಿಕೆ ತೆಗೆದುಕೊಂಡ. ನೀನು ಬರಬೇಕಾಗಿಲ್ಲ ಅಂದೆ. ಅವನು ಚಪ್ಪಲಿ ಮೆಟ್ಟಿದ.

ಅಪ್ಪನ ತೋಟದ ಗೇಟು ಹಾಕಿತ್ತು. ನಾವು ಬರುವುದನ್ನು ಕಂಡು ಅಪ್ಪ ಎದ್ದು ಬಂದರು. ಗೇಟಿನ ಆಚೆ ಅವರು, ಈಚೆ ಮೋಹನ. ಇಬ್ಬರಿಗೂ ಆ ದಿನದ್ದೇ ನೆನಪಾಗಿರಬೇಕು. ಅಪ್ಪ ಚಿಲಕ ತೆಗೆದು, ಗೇಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಪಕ್ಕಕ್ಕೆ ಸರಿದು ನಿಂತರು.

"ಬಾಪ್ಪ," ಅಂದರು.

ಗುಂಡಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಅಂಚುಗಳನ್ನು ಎಷ್ಟು ಅಚ್ಚುಕಟ್ಟಾಗಿ ಕಡಿದಿದ್ದರು! ಒಳಗೆ ಒಂದು ಗೇಣು ನೀರು, ತೆಂಗಿನ ಹೊಂಬಾಳೆಯ ಚೂರುಗಳು. ಮೋಹನ ಚೆಂಬಿನಿಂದ ನೀರು ಮೊಗೆದ. ಆಮೇಲೆ ಮೂವರೂ ಮಣ್ಣು ಎಳೆದೆವು. ಅಪ್ಪ ಸನಿಕೆ ಬಿಟ್ಟು ಕೈಯಲ್ಲೇ ನೂಕುತ್ತಿದ್ದರು. ಮಣ್ಣು ಒದ್ದೆಯಾಗಿತ್ತು, ಬೇಗ ಕೂತಿತು. ಒಳಗೆ ಏನೂ ಇಲ್ಲದ ನೆಲ ಸಮವಾಗಿಯೇ ಮುಚ್ಚಿಕೊಂಡಿತು. ದಿಬ್ಬ ಉಳಿಯಲಿಲ್ಲ. ನನಗೆ ಆಗ ಅಳು ಬಂತು. ಮೋಹನ ನನ್ನ ಬೆನ್ನ ಮೇಲೆ ಮಣ್ಣಿನ ಕೈಯಿಟ್ಟ.

ಕೈ ತೊಳೆದುಕೊಳ್ಳಲು ಎದ್ದಾಗ ಅಪ್ಪ ಕೂತೇ ಇದ್ದರು.

"ಎಸರು ಮಡಗಿದ್ರಾ?" ಅಂತ ಕೇಳಿದರು, ಮೋಹನನನ್ನು.

ಮೋಹನ ನನ್ನ ಕಡೆ ನೋಡಿದ. ಆ ಹೆಸರು ನಮ್ಮಿಬ್ಬರಿಗೇ ಗೊತ್ತಿತ್ತು. ಆರನೇ ತಿಂಗಳಲ್ಲಿ ಹಾಸನದ ಮನೆಯಲ್ಲಿ ಕೂತು ಆರಿಸಿದ್ದು. ಅತ್ತೆಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಇಲ್ಲಿಯೂ ನಾನು ಬರೆದಿಲ್ಲ. ತಲೆಯಾಡಿಸಿದೆ.

"ಕವನಾ," ಅಂದ ಮೋಹನ.

ಅಪ್ಪ ಮುಚ್ಚಿದ ನೆಲದ ಮೇಲೆ ಅಂಗೈ ಇಟ್ಟು ಆ ಹೆಸರನ್ನು ಮೆಲ್ಲಗೆ ಒಂದು ಸಲ ಅಂದರು. ಇನ್ನೊಂದು ಸಲ ಅನ್ನಲು ಹೋದರು, ಆಗಲಿಲ್ಲ.